16 ಕೋಟಿಯ ಚುಚ್ಚುಮದ್ದು ಬರುವವರೆಗೆ ಉಸಿರು ಉಳಿಯಬೇಕಲ್ಲ?

ಮಾನ್ಯರೇ,

ಎಸ್‌ಎಂಎ (ಸ್ನಾಯುಗಳನ್ನು ಸೊರಗಿಸುವ ಹುಟ್ಟು ಕಾಯಿಲೆ) ಇರುವ ಪುಟ್ಟ ಮಗುವಿಗೆ 16 ಕೋಟಿ ರೂಪಾಯಿಯ ಜೊಲ್ಗೆನ್‌ಸ್ಮಾ ಎಂಬ ಜೀನ್ ಚಿಕಿತ್ಸೆಯ ಚುಚ್ಚುಮದ್ದು ಬೇಕಾಗಿದೆ, ದಾನಿಗಳು ನೆರವಾಗಿ ಎಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಬರಲಿ, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಆ ಹಣ ಕೂಡುವಷ್ಟು ದಿನವೂ ಮಗು ಉಸಿರಾಡಬೇಕು, ಚುಚ್ಚುಮದ್ದು ಬಿದ್ದ ಮೇಲೂ ಉಸಿರಾಡಬೇಕು. ಎಸ್‌ಎಂಎ, ಹುಡುಗರ ಸ್ನಾಯುಗಳನ್ನು ಸವೆಸುವ ಡುಶೇನ್ ಮಸ್ಕ್ಯುಲರ್ ಡಿಸ್ಟ್ರೋಫಿ, ಚಲನೆಯ ನರಕೋಶಗಳು ಸಾಯುವ ಎಎಲ್‌ಎಸ್‌ನಂಥ ನರ–ಸ್ನಾಯು ಕಾಯಿಲೆಗಳಲ್ಲಿ ಎಷ್ಟೋ ಸಲ ಜೀವ ಹೋಗುವುದು ಒಂದು ಮಾಮೂಲಿ ನೆಗಡಿಯಿಂದ. ನೆಗಡಿ ಎದೆಗಿಳಿಯುತ್ತದೆ, ಕಫ ಕಟ್ಟುತ್ತದೆ, ಕೆಮ್ಮಿ ಹೊರಹಾಕುವ ತ್ರಾಣ ಇರುವುದಿಲ್ಲ, ನಾಲ್ಕು ದಿನದಲ್ಲಿ ಐಸಿಯು. ಇದನ್ನು ತಡೆಯುವ ಮೊದಲ ಸಾಧನಗಳು ಕೋಟಿಯವೂ ಅಲ್ಲ, ಲಕ್ಷದವೂ ಅಲ್ಲ. ಅವುಗಳ ಬಗ್ಗೆ ಸುದ್ದಿ ಬರುವುದಿಲ್ಲವಾದ್ದರಿಂದ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಸಹಿಸಿಕೊಳ್ಳಬೇಕು.

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಬೇಕು. ಈ ಕಾಯಿಲೆಗಳಲ್ಲಿ ಶ್ವಾಸಕೋಶಕ್ಕೆ ರೋಗವಿರುವುದಿಲ್ಲ. ಕಮ್ಮಾರನ ಕುಲುಮೆಯಲ್ಲಿ ಬೆಂಕಿ ಇದೆ, ಇದ್ದಿಲಿದೆ, ತಿದಿ ಒತ್ತುವ ಕೈ ಸೋತಿದೆ. ವಪೆ (ಎದೆ–ಹೊಟ್ಟೆಯ ನಡುವಿನ ಸ್ನಾಯುಪರದೆ) ಮತ್ತು ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಸೋತರೆ ಗಾಳಿ ಪೂರ್ತಿ ಒಳಗೆ ಬರುವುದಿಲ್ಲ. ಹೊಟ್ಟೆಯ ಸ್ನಾಯು ಸೋತರೆ ಕೆಮ್ಮಿಗೆ ಒದೆತವಿರುವುದಿಲ್ಲ. ಗಂಟಲಿನ ಸ್ನಾಯು ಸೋತರೆ ಉಗುಳು, ಅನ್ನ, ನೀರು ದಾರಿ ತಪ್ಪಿ ಶ್ವಾಸನಾಳಕ್ಕೆ ಇಳಿಯುತ್ತವೆ. ಯಾವುದು ಮೊದಲು ಸೋಲುತ್ತದೆ ಎಂಬುದು ಕಾಯಿಲೆಯಿಂದ ಕಾಯಿಲೆಗೆ ಬೇರೆ. ಎಸ್‌ಎಂಎ ಕೂಸುಗಳಲ್ಲಿ ವಪೆ ಗಟ್ಟಿಯಿದ್ದು ಪಕ್ಕೆಯ ಸ್ನಾಯುಗಳು ಸೋಲುವುದರಿಂದ ಉಸಿರೆಳೆದಾಗ ಹೊಟ್ಟೆ ಉಬ್ಬುತ್ತದೆ, ಎದೆ ಒಳಕ್ಕೆ ಕುಸಿಯುತ್ತದೆ. ಬಟ್ಟೆ ಬಿಚ್ಚಿ ಒಂದು ನಿಮಿಷ ನೋಡಿದರೆ ತಾಯಿಗೇ ಗೊತ್ತಾಗುತ್ತದೆ. ಎದೆಯ ಎಕ್ಸ್‌ರೇ ಸ್ವಚ್ಛವಾಗಿದೆ, ರಕ್ತದ ಆಮ್ಲಜನಕ ಅಳೆಯುವ ಬೆರಳಿನ ಮೀಟರ್ 98 ತೋರಿಸುತ್ತಿದೆ, ಆದ್ದರಿಂದ ಉಸಿರಾಟಕ್ಕೇನೂ ತೊಂದರೆಯಿಲ್ಲ ಎಂದು ಬರೆದು ಕಳಿಸುವುದು ಇದೇ ಕಾರಣಕ್ಕೆ ತಪ್ಪು.

ಇನ್ನೊಂದು ಮೋಸವಿದೆ. ಗಾಲಿಕುರ್ಚಿಯಲ್ಲಿ ಕುಳಿತವರು ಮೆಟ್ಟಿಲು ಹತ್ತುವುದಿಲ್ಲ, ಬಸ್ಸಿಗೆ ಓಡುವುದಿಲ್ಲ. ಏದುಸಿರು ಬರುವ ಸಂದರ್ಭವೇ ಇಲ್ಲ. ‘ದಮ್ಮು ಕಟ್ಟುತ್ತದೆಯೇ’ ಎಂದು ಕೇಳಿದರೆ ‘ಇಲ್ಲ’ ಎಂದೇ ಉತ್ತರ. ಕೇಳಬೇಕಾದ್ದು ರಾತ್ರಿಯ ಬಗ್ಗೆ. ಕನಸು ಬೀಳುವ ಹಂತದ ನಿದ್ದೆಯಲ್ಲಿ ದೇಹದ ಬಹುತೇಕ ಸ್ನಾಯುಗಳು ಸಡಿಲಾಗಿ, ಉಸಿರಾಟದ ಭಾರವೆಲ್ಲ ವಪೆಯೊಂದರ ಮೇಲೆ ಬೀಳುತ್ತದೆ. ವಪೆ ಸೋತಿದ್ದರೆ ಆ ಹೊತ್ತಿಗೆ ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ ಏರುತ್ತದೆ. ಬೆಳಿಗ್ಗೆ ಎದ್ದಾಗ ತಲೆನೋವು, ತಿಂಡಿ ಸೇರದಿರುವುದು, ಕ್ಲಾಸಿನಲ್ಲಿ ತೂಕಡಿಕೆ, ಕೆಟ್ಟ ಕನಸು, ತೂಕ ಇಳಿಯುವುದು, ರಾತ್ರಿ ಮೂರು–ನಾಲ್ಕು ಸಲ ‘ಮಗ್ಗುಲು ಬದಲಿಸಮ್ಮ’ ಎಂದು ಕರೆಯುವುದು: ಇವೆಲ್ಲ ಅದರ ಗುರುತುಗಳು. ಮಗ್ಗುಲು ನೋಯುತ್ತಿದೆ ಎಂದು ಮನೆಯವರು ತಿಳಿಯುತ್ತಾರೆ. ನಿದ್ದೆ ಬರುತ್ತಿಲ್ಲವೆಂದು ಯಾರಾದರೂ ನಿದ್ದೆಮಾತ್ರೆ ಬರೆದುಕೊಟ್ಟರೆ ಮುಗಿಯಿತು, ಇದ್ದಬದ್ದ ಉಸಿರೂ ಮಂದವಾಗುತ್ತದೆ. ಕೊಡೀನ್ ಇರುವ ಕೆಮ್ಮಿನ ಸಿರಪ್ಪಿನ ಕಥೆಯೂ ಅದೇ. ಇವರಿಗೆ ಕೆಮ್ಮು ಬೇಕು, ಅದನ್ನು ಅಡಗಿಸಬಾರದು.

ಅಳೆಯುವುದು ಹೇಗೆ? ಪೂರ್ತಿ ಎಳೆದು ಜೋರಾಗಿ ಊದಿದ ಉಸಿರಿನ ಪ್ರಮಾಣವನ್ನು ಸ್ಪೈರೋಮೀಟರಿನಲ್ಲಿ ನೋಡುತ್ತಾರೆ. ವರದಿಯಲ್ಲಿ ಅದು ಎಫ್‌ವಿಸಿ. ಕೂತು ಒಂದು ಸಲ, ಅಂಗಾತ ಮಲಗಿ ಒಂದು ಸಲ ಊದಿಸಬೇಕು. ಮಲಗಿದಾಗ ಶೇ 20ಕ್ಕಿಂತ ಹೆಚ್ಚು ಇಳಿದರೆ ವಪೆ ಸೋತಿದೆ ಎಂದು ಅನುಮಾನಿಸಬೇಕು. ಮಲಗಿಸಿ ನೋಡುವ ಶ್ರಮ ತೆಗೆದುಕೊಳ್ಳುವವರು ಕಡಿಮೆ. ಡುಶೇನ್ ಇರುವ ಹುಡುಗರಿಗೆ ಐದಾರು ವರ್ಷದಿಂದಲೇ ವರ್ಷಕ್ಕೊಮ್ಮೆ, ನಡಿಗೆ ನಿಂತ ಮೇಲೆ ಆರು ತಿಂಗಳಿಗೊಮ್ಮೆ ಈ ಪರೀಕ್ಷೆ ಆಗಬೇಕು. ಇರಬೇಕಾದ ಪ್ರಮಾಣದ ಶೇ 60ಕ್ಕೆ ಇಳಿದಾಗ ಎದೆ ಹಿಗ್ಗಿಸುವ ಅಭ್ಯಾಸ ಶುರುವಾಗಬೇಕು, ಶೇ 50ಕ್ಕಿಂತ ಕೆಳಗೆ ಬಂದರೆ ಕೆಮ್ಮಿಗೆ ನೆರವು ಬೇಕು, ರಾತ್ರಿ ಮಾಸ್ಕಿನ ಮೂಲಕ ಉಸಿರಿಗೆ ನೆರವಾಗುವ ಬೈಪ್ಯಾಪ್ ಯಂತ್ರದ ಯೋಚನೆ ಶುರುವಾಗಬೇಕು. ರಾತ್ರಿಯ ಲಕ್ಷಣಗಳಿದ್ದರೆ ಅಂಕಿಗೆ ಕಾಯಬೇಕಾಗಿಲ್ಲ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಒತ್ತಡ 45 ದಾಟಿದೆಯೇ ಎಂದೂ ನೋಡಬೇಕು. ಅದು ಆಗದ ಊರಿನಲ್ಲಿ ಸಾಮಾನ್ಯ ರಕ್ತಪರೀಕ್ಷೆಯ ಬೈಕಾರ್ಬೊನೇಟ್ 27ಕ್ಕಿಂತ ಮೇಲಿದ್ದರೂ ಸುಳಿವು ಸಿಕ್ಕಂತೆ.

ಕೆಮ್ಮಿನ ಬಲ ಅಳೆಯುವುದು ಇದಕ್ಕಿಂತ ಸುಲಭ, ಆದರೂ ಯಾರೂ ಅಳೆಯುವುದಿಲ್ಲ. ಅಸ್ತಮಾದವರು ಊದುವ ಪ್ಲಾಸ್ಟಿಕ್ ಪೀಕ್ ಫ್ಲೋ ಮೀಟರ್ ಸಾಕು. ಅದರ ಬಾಯಿಗೆ, ಮೂಗು–ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್ ಸಿಕ್ಕಿಸಿ, ಮುಖಕ್ಕೆ ಗಾಳಿ ಸೋರದಂತೆ ಒತ್ತಿ ಹಿಡಿದು, ಆದಷ್ಟು ಉಸಿರು ಎಳೆದು ಜೋರಾಗಿ ಕೆಮ್ಮಲು ಹೇಳಿ. ಊದುವುದಲ್ಲ, ಕೆಮ್ಮುವುದು. ಮೂರು ಸಲ ಮಾಡಿಸಿ ಅತಿ ಹೆಚ್ಚಿನ ಅಂಕಿ ಬರೆದುಕೊಳ್ಳಿ. ಆರೋಗ್ಯವಂತ ದೊಡ್ಡವರಲ್ಲಿ ಇದು ನಿಮಿಷಕ್ಕೆ 360 ಲೀಟರಿಗಿಂತ ಮೇಲಿರುತ್ತದೆ. 270ಕ್ಕಿಂತ ಕೆಳಗಿದ್ದರೆ ಇಂದು ಚೆನ್ನಾಗಿದ್ದರೂ ನೆಗಡಿ ಬಂದ ದಿನ ಕೆಮ್ಮು ಕೈಕೊಡುತ್ತದೆ, ಏಕೆಂದರೆ ಸೋಂಕು ಬಂದಾಗ ಸೋತ ಸ್ನಾಯು ಇನ್ನಷ್ಟು ಸೋಲುತ್ತದೆ. 160ಕ್ಕಿಂತ ಕೆಳಗಿಳಿದರೆ ಕೆಮ್ಮಿಗೆ ಸದ್ದು ಮಾತ್ರ ಉಳಿದಿದೆ, ಕಫ ಕದಲುವುದಿಲ್ಲ. ಈ ಅಂಕಿಗಳು ದೊಡ್ಡವರಿಗೆ ಮತ್ತು ಹನ್ನೆರಡು ದಾಟಿದ ಮಕ್ಕಳಿಗೆ. ಚಿಕ್ಕ ಮಕ್ಕಳಲ್ಲಿ ಅವರವರ ವಯಸ್ಸಿಗೆ ತಕ್ಕಂತೆ ಓದಬೇಕು.

270 ಬಂದಾಗ ಮಾಡುವುದೇನು? ಇಲ್ಲಿ ಬರುತ್ತದೆ ಆಂಬು ಬ್ಯಾಗ್. 1950ರ ದಶಕದಲ್ಲಿ ಡೆನ್ಮಾರ್ಕಿನಲ್ಲಿ ಹುಟ್ಟಿದ, ಕೈಯಲ್ಲಿ ಹಿಸುಕಿ ಗಾಳಿ ಕೊಡುವ ಚೀಲವಿದು. ಅದರ ಮೊದಲ ಮಾದರಿಯಲ್ಲಿ, ಹಿಸುಕಿ ಬಿಟ್ಟಾಗ ತಾನೇ ಉಬ್ಬಲೆಂದು ಒಳಗೆ ಸೈಕಲ್ ಚಕ್ರದ ಕಡ್ಡಿ ಬಳಸಿದ್ದರಂತೆ. ಅದಕ್ಕೆ ಕೆಲವೇ ವರ್ಷ ಮೊದಲು, 1952ರ ಪೋಲಿಯೊ ಹಾವಳಿಯಲ್ಲಿ ಕೋಪನ್‌ಹೇಗನ್‌ನ ವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕೂತು ಚೀಲ ಹಿಸುಕಿ ರೋಗಿಗಳನ್ನು ಉಸಿರಾಡಿಸಿದ್ದರು. ಇವತ್ತು ನಮ್ಮ ಆಂಬುಲೆನ್ಸುಗಳಲ್ಲೂ ಇಂಥ ಚೀಲವಿರುತ್ತದೆ. ಬೆಲೆ ಸಾವಿರ, ಎರಡು ಸಾವಿರದ ಆಸುಪಾಸು.

ನರ–ಸ್ನಾಯು ಕಾಯಿಲೆಯವರಿಗೆ ಇದನ್ನು ಬಳಸುವ ರೀತಿ ಬೇರೆ. ಚೀಲದ ಮುಂದೆ ಒಂದೇ ದಿಕ್ಕಿಗೆ ಗಾಳಿ ಬಿಡುವ ವಾಲ್ವ್, ಅದಕ್ಕೆ ಮೊಳದುದ್ದದ ಸುಕ್ಕು ಸುಕ್ಕು ಟ್ಯೂಬ್, ತುದಿಯಲ್ಲಿ ಬಾಯಿಗೆ ಕಚ್ಚಿಕೊಳ್ಳುವ ತುಂಡು ಅಥವಾ ಮಾಸ್ಕ್, ಮೂಗಿಗೆ ಕ್ಲಿಪ್. ಇಷ್ಟೇ ಸಾಮಾನು. ರೋಗಿಯನ್ನು ನೆಟ್ಟಗೆ ಕೂರಿಸಿ. ಮೂಗಿಗೆ ಕ್ಲಿಪ್ ಹಾಕಿ. ಆತ ತಾನಾಗಿ ಎಷ್ಟಾಗುತ್ತದೋ ಅಷ್ಟು ಉಸಿರು ಎಳೆದುಕೊಂಡು ತುಟಿ ಬಿಗಿಹಿಡಿಯಲಿ. ಮತ್ತೆ ಎಳೆಯುವಾಗ ಅದೇ ಲಯಕ್ಕೆ ನೀವು ಚೀಲ ನಿಧಾನವಾಗಿ ಒತ್ತಿ. ಆತ ಉಸಿರು ಬಿಡಬಾರದು. ಅದರ ಮೇಲೆ ಇನ್ನೊಂದು ಒತ್ತು, ಮತ್ತೊಂದು. ಸಾಮಾನ್ಯವಾಗಿ ಮೂರರಿಂದ ಐದು ಒತ್ತಿಗೆ ಎದೆ ತುಂಬಿ ಬಿಗಿಯುತ್ತದೆ. ಆಗ ಆತ ಕೈಸನ್ನೆಯನ್ನೋ ಕಣ್ಸನ್ನೆಯನ್ನೋ ಮಾಡುತ್ತಾನೆ. ಮೊದಲೇ ಸನ್ನೆ ಒಪ್ಪಿಕೊಂಡಿರಬೇಕು, ಬಾಯಿ ತುಂಬ ಟ್ಯೂಬ್ ಇದ್ದಾಗ ‘ಸಾಕು’ ಎನ್ನಲಾಗದು. ಮೂರರಿಂದ ಐದು ಸೆಕೆಂಡ್ ಹಿಡಿದು, ಟ್ಯೂಬ್ ತೆಗೆದು, ಉಸಿರು ಬಿಡಬಹುದು ಅಥವಾ ಕೆಮ್ಮಬಹುದು. ಹೀಗೆ ಮೂರರಿಂದ ಐದು ಸುತ್ತು, ದಿನಕ್ಕೆ ಎರಡು ಸಲವಾದರೂ, ಊಟಕ್ಕೆ ಮೊದಲು. ಉಂಡ ಮೇಲಾದರೆ ಒಂದೂವರೆ ಗಂಟೆಯಾದರೂ ಬಿಡಬೇಕು, ಇಲ್ಲದಿದ್ದರೆ ತಿಂದದ್ದು ಬಾಯಿಗೆ ಬರುತ್ತದೆ. ಕಫವಿಲ್ಲದ ದಿನವೂ ಮಾಡಬೇಕು. ಹಿಗ್ಗದ ಎದೆಗೂಡು ಬಳಸದ ಬಾಗಿಲಿನಂತೆ ಬಿಗಿದುಕೊಳ್ಳುತ್ತದೆ, ಶ್ವಾಸಕೋಶದ ಮೂಲೆಗಳು ಮುದುಡಿ ಕೂರುತ್ತವೆ.

ಎಡವುವುದು ಎಲ್ಲಿ ಎಂದರೆ, ಮೊದಲನೆಯದು ಸೋರಿಕೆ. ತುಟಿ ಬಿಗಿಹಿಡಿಯಲು ಆಗದವರಿಗೆ ಬಾಯಿತುಂಡು ಬಿಟ್ಟು ಮಾಸ್ಕ್ ಹಾಕಿ. ಹೊಟ್ಟೆ ಉಬ್ಬಿದರೆ ನೀವು ರಭಸದಿಂದ ಒತ್ತುತ್ತಿದ್ದೀರಿ ಎಂದೇ ಹೆಚ್ಚಿನ ಸಲ ಅರ್ಥ. ತಲೆ ಸುತ್ತಿದರೆ ಸುತ್ತುಗಳ ನಡುವೆ ಬಿಡುವು ಸಾಲದು. ಎದೆ ಹಿಗ್ಗಿದ ಬಿಗಿತ ಸರಿ, ಚುಚ್ಚುವ ನೋವು ಸರಿಯಲ್ಲ. ಬಂದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಹಿಂದೆ ಶ್ವಾಸಕೋಶ ತೂತಾಗಿ ಎದೆಯಲ್ಲಿ ಗಾಳಿ ತುಂಬಿಕೊಂಡಿದ್ದವರು, ಕಫದಲ್ಲಿ ರಕ್ತ ಬರುವವರು ಇದನ್ನು ಮಾಡಲೇಬಾರದು. ಮೊದಲ ಸಲ ಫಿಸಿಯೋಥೆರಪಿಸ್ಟರ ಮುಂದೆಯೇ ಕಲಿಯಬೇಕು. ಇನ್ನು ಅತಿ ಮುಖ್ಯವಾದದ್ದು: ವಾಲ್ವ್ ಜೋಡಿಸಿದ ಈ ಚೀಲಕ್ಕೆ ಕೆಂಪು ಚೀಟಿ ಅಂಟಿಸಿ ‘ತುರ್ತು ಉಸಿರಾಟಕ್ಕೆ ಬಳಸಬಾರದು’ ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಪ್ರಜ್ಞೆ ತಪ್ಪಿದವರಿಗೆ ಗಾಬರಿಯಲ್ಲಿ ಇದನ್ನೇ ಹಿಡಿದರೆ ಗಾಳಿ ಒಳಗೆ ಹೋಗುತ್ತದೆ, ಹೊರಬರಲು ದಾರಿಯಿಲ್ಲ.

ಎದೆ ತುಂಬಿದ ಮೇಲೂ ಕೆಮ್ಮಿಗೆ ಒದೆತ ಬೇಕಾದರೆ, ಪಕ್ಕೆಲುಬಿನ ಕೆಳಗೆ, ಹೊಕ್ಕುಳಿಗಿಂತ ಮೇಲಕ್ಕೆ ಅಂಗೈ ಇಟ್ಟು, ‘ಒಂದು, ಎರಡು, ಕೆಮ್ಮು’ ಎಂದು ಕೆಮ್ಮಿನ ಕ್ಷಣಕ್ಕೇ ಒಳಕ್ಕೂ ಮೇಲಕ್ಕೂ ಒತ್ತಬೇಕು. ಅರೆ ಸೆಕೆಂಡ್ ಮೊದಲು ಒತ್ತಿದರೂ ತಡವಾಗಿ ಒತ್ತಿದರೂ ವ್ಯರ್ಥ. ಸ್ಟೀರಾಯ್ಡ್ ತೆಗೆದುಕೊಳ್ಳುವ ಹುಡುಗರ ಮೂಳೆ ಟೊಳ್ಳಾಗಿರುತ್ತದೆ, ಪಕ್ಕೆಲುಬಿನ ಮೇಲೆ ಭಾರ ಹಾಕಬೇಡಿ. ಬೆನ್ನು ತೀರಾ ಸೊಟ್ಟಗಾದವರಲ್ಲಿ ಇದು ಹೆಚ್ಚು ಫಲಿಸದು.

ಇದೂ ಸಾಲದಾದಾಗ ಕಾಫ್ ಅಸಿಸ್ಟ್ ಯಂತ್ರ. ಗಾಳಿ ತುಂಬಿ, ತಕ್ಷಣ ಹಿಂದಕ್ಕೆ ಎಳೆಯುವ ಯಂತ್ರವಿದು. ನೀರಿನ ಮಟ್ಟದ 15–20 ಸೆಂಟಿಮೀಟರ್ ಒತ್ತಡದಿಂದ ಶುರುಮಾಡಿ ದಿನಗಳಲ್ಲಿ 40ರವರೆಗೆ, ಎಳೆತವನ್ನೂ ಅಷ್ಟಕ್ಕೇ ಏರಿಸುತ್ತಾರೆ. ತುಂಬಲು ಎರಡು–ಮೂರು ಸೆಕೆಂಡ್, ಎಳೆಯಲು ಎರಡು–ಮೂರು ಸೆಕೆಂಡ್, ಆಮೇಲೆ ಸಣ್ಣ ಬಿಡುವು. ಐದೈದರಂತೆ ನಾಲ್ಕೈದು ಸುತ್ತು, ನಡುವೆ ಬಾಯಿಗೆ ಬಂದ ಕಫ ಒರೆಸಬೇಕು ಅಥವಾ ಸಕ್ಷನ್ ಹಾಕಬೇಕು. ‘ಯಂತ್ರ ಕೆಲಸ ಮಾಡುತ್ತಿಲ್ಲ’ ಎಂಬ ದೂರಿನ ಹಿಂದೆ ಎಷ್ಟೋ ಸಲ 15ಕ್ಕೇ ನಿಂತುಹೋದ ಒತ್ತಡವಿರುತ್ತದೆ. ಎಎಲ್‌ಎಸ್‌ನಲ್ಲಿ ಗಂಟಲು ಸೋತವರದು ಇದಕ್ಕೆ ತಿರುಗುಮುರುಗು. ಜೋರಾಗಿ ತುಂಬಿದರೆ ಧ್ವನಿಪೆಟ್ಟಿಗೆಯೇ ಮುಚ್ಚಿಕೊಂಡು ಗಾಳಿ ತಿರುಗಿ ಬರುತ್ತದೆ. ಅವರಿಗೆ ತುಂಬುವ ಒತ್ತಡ ಕಡಿಮೆ, ವೇಗ ನಿಧಾನ. ಬರೀ ಸಕ್ಷನ್ ಯಂತ್ರ ಮನೆಗೆ ತಂದು ನಿಶ್ಚಿಂತರಾಗುವವರಿಗೂ ಒಂದು ಮಾತು: ಅದು ಬಾಯಿ, ಗಂಟಲಿನ ಕಫ ಎಳೆಯುತ್ತದೆ, ಎದೆಯಾಳದ್ದನ್ನಲ್ಲ.

ಈಗ ಆಮ್ಲಜನಕ. ಕೋವಿಡ್ ಎರಡನೇ ಅಲೆಯ ನಂತರ ಆಕ್ಸಿಜನ್ ಕಾನ್ಸನ್ಟ್ರೇಟರ್ ಊರೂರಿಗೆ ಬಂತು, ಉಸಿರಿನ ತೊಂದರೆ ಎಂದರೆ ಅದನ್ನೇ ಹಚ್ಚುವ ರೂಢಿಯೂ ಬಂತು. ನರ–ಸ್ನಾಯು ಕಾಯಿಲೆಯಲ್ಲಿ ಕೊರತೆಯಿರುವುದು ಗಾಳಿಯ ಓಡಾಟದಲ್ಲಿ. ಕೇವಲ ಆಮ್ಲಜನಕ ಕೊಟ್ಟರೆ ಮೀಟರಿನ ಅಂಕಿ ಚಂದವಾಗುತ್ತದೆ, ಒಳಗೆ ಇಂಗಾಲದ ಡೈಆಕ್ಸೈಡ್ ಏರುತ್ತಲೇ ಹೋಗಿ ರೋಗಿ ಮಂಪರಿಗೆ ಜಾರುತ್ತಾನೆ. ‘ಆಕ್ಸಿಜನ್ ಕೊಟ್ಟ ಮೇಲೆ ಚೆನ್ನಾಗಿ ನಿದ್ದೆ ಮಾಡುತ್ತಿದ್ದಾನೆ’ ಎಂಬ ಮಾತು ಕೇಳಿದರೆ ಭಯಪಡಬೇಕು. ಮಾಮೂಲಿ ಗಾಳಿಯಲ್ಲಿ ಬೆರಳಿನ ಮೀಟರ್ 95ಕ್ಕಿಂತ ಕೆಳಗಿಳಿದರೆ ಕಾರಣ ಮೂರರಲ್ಲಿ ಒಂದು: ಉಸಿರು ಸಾಲದು, ಕಫ ಅಡ್ಡಬಂದಿದೆ, ಇಲ್ಲವೇ ನ್ಯುಮೋನಿಯಾ ಆಗಿದೆ. ಮೊದಲು ಬೈಪ್ಯಾಪ್ ಹಾಕಿ, ಕೆಮ್ಮಿಗೆ ನೆರವು ಕೊಟ್ಟು ಕಫ ತೆಗೆಯಿರಿ. ಅಂಕಿ ಮರಳಿ 95 ದಾಟದಿದ್ದರೆ ಕಾಯದೆ ಆಸ್ಪತ್ರೆಗೆ ಹೊರಡಿ. ಅಲ್ಲಿ ಆಮ್ಲಜನಕ ಬೇಕಾದರೆ ಬೈಪ್ಯಾಪ್ ಜೊತೆಗೆ ಸೇರಿಸಿ ಕೊಡಲಿ, ರಕ್ತದ ಇಂಗಾಲದ ಡೈಆಕ್ಸೈಡ್ ನೋಡುತ್ತಾ ಕೊಡಲಿ.

ಬೈಪ್ಯಾಪ್ ಬದಲು ಅಗ್ಗಕ್ಕೆ ಸಿಗುವ ಸಿಪ್ಯಾಪ್ ಕೊಳ್ಳಬೇಡಿ. ಅದು ಒಂದೇ ಒತ್ತಡ ಹಿಡಿದಿಡುತ್ತದೆ, ಉಸಿರೆಳೆಯಲು ಕೈ ಕೊಡುವುದಿಲ್ಲ. ಬೈಪ್ಯಾಪಿನಲ್ಲೂ ರೋಗಿ ಉಸಿರೆಳೆಯದಿದ್ದಾಗ ತಾನೇ ಉಸಿರು ಕೊಡುವ, ಎಸ್‌–ಟಿ ಎಂದು ಬರೆದಿರುವ ಬಗೆಯದೇ ಬೇಕು. ಸಾಮಾನ್ಯವಾಗಿ ಉಸಿರೆಳೆಯುವಾಗಿನ ಒತ್ತಡ 8–10, ಬಿಡುವಾಗಿನದು 4ರಿಂದ ಆರಂಭ. ಆಮೇಲೆ ಎಳೆಯುವಾಗಿನದನ್ನು ರೋಗಿ ಸಹಿಸಿದಷ್ಟು, ಇಂಗಾಲದ ಡೈಆಕ್ಸೈಡ್ ಸರಿಹೋಗುವಷ್ಟು ಏರಿಸುತ್ತಾರೆ. ಆರಂಭದ ಒತ್ತಡದಲ್ಲೇ ವರ್ಷಗಟ್ಟಲೆ ಬಿಟ್ಟರೆ ಯಂತ್ರವಿದ್ದೂ ಇಲ್ಲದಂತೆ. ಮಾಸ್ಕಿನಲ್ಲಿರುವ ಸಣ್ಣ ತೂತುಗಳಿಂದ ಗಾಳಿ ಸುಯ್ಯೆನ್ನುತ್ತದೆಂದು ಟೇಪ್ ಹಚ್ಚಿ ಮುಚ್ಚುವವರಿದ್ದಾರೆ. ಬಿಟ್ಟ ಉಸಿರು ಹೊರಹೋಗುವುದೇ ಆ ತೂತುಗಳಿಂದ! ಮೂಗಿನ ದಿಂಡು ಕೆಂಪಾದರೆ ಪಟ್ಟಿ ಬಿಗಿಮಾಡುವ ಬದಲು ಸಡಿಲಿಸಿ, ಎರಡು ಬಗೆಯ ಮಾಸ್ಕ್ ಇಟ್ಟುಕೊಂಡು ಒಂದು ರಾತ್ರಿ ಅದು, ಒಂದು ರಾತ್ರಿ ಇದು ಮಾಡಿ. ಗಾಳಿಗೆ ತೇವ ಕೊಡುವ ಡಬ್ಬಿಗೆ ಡಿಸ್ಟಿಲ್ಡ್ ವಾಟರ್ ಹಾಕಿ. ಬೋರ್‌ವೆಲ್ ನೀರು ಹಾಕಿದರೆ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದ ನಮ್ಮ ಮಲೆನಾಡಿಗೆ ಒಂದು ಲೆಕ್ಕ: ಬಿಸಿ ತೇವದ ಡಬ್ಬಿ ಆಫ್ ಮಾಡಿದರೆ ಯಂತ್ರ ಸುಮಾರು 40 ವಾಟ್ ಎಳೆಯುತ್ತದೆ, ಎಂಟು ಗಂಟೆಗೆ ಮೂರನೇ ಒಂದು ಯೂನಿಟ್. ಮನೆಯ 150 ಎಎಚ್ ಇನ್ವರ್ಟರ್ ಬ್ಯಾಟರಿ ಚೆನ್ನಾಗಿದ್ದರೆ ಒಂದು ರಾತ್ರಿ ದಾಟಿಸುತ್ತದೆ, ಟಿ.ವಿ., ಫ್ಯಾನು ಅದಕ್ಕೇ ಹಾಕದಿದ್ದರೆ.

ಇಷ್ಟೆಲ್ಲ ಮಾಡಿ ಏನು ಸಿಗುತ್ತದೆ? ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಡುಶೇನ್ ಹುಡುಗರ ಸರಾಸರಿ ಆಯುಸ್ಸು 1960ರ ದಶಕದಲ್ಲಿ 14.4 ವರ್ಷವಿತ್ತು. 1990ರ ನಂತರ ರಾತ್ರಿಯ ಯಂತ್ರದ ನೆರವು ಪಡೆದವರಲ್ಲಿ ಅದು 25.3ಕ್ಕೆ ಏರಿತು. ಜೀನ್ ಚಿಕಿತ್ಸೆಯ ಕಾಲವಲ್ಲ ಅದು.

ಆಸ್ಪತ್ರೆಯವರ ಗಮನಕ್ಕೆ ಎರಡು ಸಂಗತಿ. ಡುಶೇನ್ ಇರುವವರಿಗೆ ಅರಿವಳಿಕೆ ಕೊಡುವಾಗ ಸಕ್ಸಿನೈಲ್‌ಕೋಲೀನ್ ಬೇಡವೇ ಬೇಡ. ಪೊಟ್ಯಾಸಿಯಂ ಒಮ್ಮೆಲೇ ಏರಿ ಹೃದಯ ನಿಲ್ಲಬಹುದು. ಉಸಿರಿನ ಮೂಲಕ ಕೊಡುವ ಅರಿವಳಿಕೆ ಅನಿಲಗಳನ್ನೂ ದೂರವಿಡಬೇಕು. ಮಯಸ್ತೇನಿಯಾ (ನರದ ಸಂದೇಶ ಸ್ನಾಯುವಿಗೆ ಸರಿಯಾಗಿ ಮುಟ್ಟದ ಕಾಯಿಲೆ) ಇರುವವರಿಗೆ ಜೆಂಟಾಮೈಸಿನ್, ಸಿಪ್ರೊಫ್ಲಾಕ್ಸಸಿನ್, ಅಜಿತ್ರೊಮೈಸಿನ್, ಮೆಗ್ನೀಸಿಯಂ ಚುಚ್ಚುಮದ್ದು ಉಸಿರಿನ ಸ್ನಾಯುಗಳನ್ನು ಮತ್ತಷ್ಟು ಸೋಲಿಸಬಲ್ಲವು. ಮನೆಯವರು ಇದನ್ನು ಒಂದು ಕಾರ್ಡಿನಲ್ಲಿ ಬರೆದು ಗಾಲಿಕುರ್ಚಿಯ ಜೇಬಿನಲ್ಲಿಟ್ಟಿರಲಿ. ವರ್ಷಕ್ಕೊಮ್ಮೆ ಫ್ಲೂ ಲಸಿಕೆ, ವೈದ್ಯರು ಹೇಳಿದಂತೆ ನ್ಯುಮೋಕಾಕಲ್ ಲಸಿಕೆ ತಪ್ಪಿಸಬಾರದು.

ಸರ್ಕಾರಕ್ಕೆ ಹೇಳುವುದು ಬಹಳವಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಮಸ್ಕ್ಯುಲರ್ ಡಿಸ್ಟ್ರೋಫಿ ಇದೆ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಉತ್ಕೃಷ್ಟತಾ ಕೇಂದ್ರಗಳಲ್ಲಿ ರೋಗಿಯೊಬ್ಬರಿಗೆ 50 ಲಕ್ಷ ರೂಪಾಯಿವರೆಗೆ ನೆರವಿಗೆ ಅವಕಾಶವಿದೆ. ಬೆಂಗಳೂರಿನಲ್ಲೇ ಅಂಥ ಕೇಂದ್ರವಿದೆ. ನಿಮ್ಹಾನ್ಸ್‌ನಲ್ಲಿ ಈ ಕಾಯಿಲೆಗಳನ್ನು ಬಲ್ಲ ವೈದ್ಯರಿದ್ದಾರೆ. ಆದರೆ ಬೀದರಿನಿಂದಲೋ ಕಾರವಾರದಿಂದಲೋ ಗಾಲಿಕುರ್ಚಿಯ ಹುಡುಗನನ್ನು ಕೆಮ್ಮು ಅಳೆಸಲು ಬೆಂಗಳೂರಿಗೆ ಹೊತ್ತು ತರಬೇಕೇ? ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ಒಬ್ಬ ಫಿಸಿಯೋಥೆರಪಿಸ್ಟರಿಗೆ ಎರಡು ದಿನದ ತರಬೇತಿ ಕೊಡಿಸಿ, ವಾಲ್ವ್ ಜೋಡಿಸಿದ ಚೀಲವನ್ನು ಉಚಿತವಾಗಿ ಮನೆಗೆ ಕೊಡಿ, ಒಂದು ಕಾಫ್ ಅಸಿಸ್ಟ್ ಯಂತ್ರವನ್ನು ನೆಗಡಿ–ಜ್ವರದ ವಾರಕ್ಕೆ ಎರವಲು ಕೊಡುವಂತೆ ಇಡಿ. ಪೀಕ್ ಫ್ಲೋ ಮೀಟರ್ ಹೊಸದಾಗಿ ಕೊಳ್ಳುವ ಅಗತ್ಯವೂ ಹೆಚ್ಚಿನ ಕಡೆ ಬೀಳದು. ಅಸ್ತಮಾ ರೋಗಿಗಳನ್ನು ನೋಡುವ ಕೋಣೆಯ ಡ್ರಾಯರ್ ತೆರೆದರೆ ಸಿಗುತ್ತದೆ, ಅದಕ್ಕೆ ಹೊಂದುವ ಮಾಸ್ಕ್ ಅರಿವಳಿಕೆ ವಿಭಾಗದಲ್ಲಿ.

– ಉಸಿರಾಟದ ಆರೈಕೆಯಲ್ಲಿ ತೊಡಗಿರುವ ಫಿಸಿಯೋಥೆರಪಿಸ್ಟರು, ಶಿವಮೊಗ್ಗ